ನಿಸ್ತಂತು ಸಂಪರ್ಕದ ಮಂದಗತಿ: ಮುಕ್ತ ಕಾರ್ಯವ್ಯವಸ್ಥೆಯ ಲ್ಯಾಪ್‌ಟಾಪುಗಳಲ್ಲಿ ಕಾರಣಶೋಧನೆಯ ಕ್ರಮ

ಬೆಂಗಳೂರಿನ ಹೊರವಲಯದ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಮತ್ತು ಪೀಣ್ಯ ಪ್ರದೇಶಗಳಲ್ಲಿ ವಿದ್ಯಾರ್ಥಿಗಳೂ ಅಧ್ಯಾಪಕರೂ ಲಿನಕ್ಸ್ ಮೊದಲಾದ ಮುಕ್ತ ಕಾರ್ಯವ್ಯವಸ್ಥೆಗಳನ್ನು ತಮ್ಮ ಲ್ಯಾಪ್‌ಟಾಪುಗಳಲ್ಲಿ ಬಳಸುವುದು ಇಂದು ಅಪರೂಪದ ಸಂಗತಿಯಲ್ಲ. ಅಂಥವರಿಂದ ಪದೇ ಪದೇ ಕೇಳಿಬರುವ ದೂರು ಒಂದುಂಟು: ನಿಸ್ತಂತು ಸಂಪರ್ಕವೇನೋ ಏರ್ಪಡುತ್ತದೆ, ಆದರೆ ಅದರ ಗತಿ ಅತಿ ಮಂದ, ಅದೇ ಕೊಠಡಿಯಲ್ಲಿ ಮೊಬೈಲ್ ಫೋನು ಸರಾಗವಾಗಿ ಕೆಲಸ ಮಾಡುತ್ತಿರುವಾಗ ಲ್ಯಾಪ್‌ಟಾಪು ಮಾತ್ರ ತೆವಳುತ್ತದೆ. ಇಂಥ ಸಂದರ್ಭದಲ್ಲಿ ಸಾಮಾನ್ಯವಾಗಿ ನಡೆಯುವುದು ಎರಡರಲ್ಲೊಂದು: ಮುಕ್ತ ಕಾರ್ಯವ್ಯವಸ್ಥೆಯನ್ನು ಕಿತ್ತುಹಾಕುವುದು, ಇಲ್ಲವೆ ಹೊಸ ಯಂತ್ರಕ್ಕೆ ಹಣ ತೆರುವುದು. ಕಾರಣವನ್ನು ಅರಿಯುವ ಮುನ್ನವೇ ಕೈಗೊಳ್ಳುವ ಈ ನಿರ್ಧಾರಗಳಿಂದ ಎರವಲು ಪಡೆದೋ ಹಳೆಯದನ್ನು ಕೊಂಡೋ ಓದುತ್ತಿರುವ ವಿದ್ಯಾರ್ಥಿಗೆ ಆಗುವ ನಷ್ಟ ಅಲ್ಪವಲ್ಲ. ಮಂದಗತಿಯ ಕಾರಣಗಳನ್ನು ಒಂದೊಂದಾಗಿ ಬೇರ್ಪಡಿಸಿ ಅಳೆಯುವ ಕ್ರಮವನ್ನು ನಿರೂಪಿಸುವುದೇ ಪ್ರಕೃತ ಲೇಖನದ ಉದ್ದೇಶ.

ಸ್ಥಳದ ವಿಚಾರವನ್ನು ಮೊದಲು ಹೇಳಬೇಕು. 1978ರಲ್ಲಿ ಕಿಯೋನಿಕ್ಸ್ ಸಂಸ್ಥೆಯು ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆ ನೆಲದಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಸ್ಥಾಪಿಸಿದಾಗ ಸುತ್ತಲೂ ಇದ್ದದ್ದು ಹೊಲಗದ್ದೆ. ಇಂದು ಅದರ ಸುತ್ತಲಿನ ವಸತಿಗೃಹಗಳಲ್ಲಿ ಒಂದೇ ಪ್ರಸಾರ ಪೆಟ್ಟಿಗೆಯನ್ನು ಹಲವು ಕೊಠಡಿಗಳ ನಿವಾಸಿಗಳು ಹಂಚಿಕೊಳ್ಳುತ್ತಾರೆ. ವೈಟ್‌ಫೀಲ್ಡಿನ ಬಹುಮಹಡಿ ಕಟ್ಟಡಗಳಲ್ಲಿ ಮನೆಗೊಂದರಂತೆ ಪ್ರಸಾರ ಪೆಟ್ಟಿಗೆಗಳಿವೆ. ಲೋಹಲೇಪವುಳ್ಳ ಗಾಜು ಮತ್ತು ಕಬ್ಬಿಣದ ಸರಳುಗಳ ಕಾಂಕ್ರೀಟು ತರಂಗಗಳನ್ನು ತಡೆಯುತ್ತವೆ. ಪೀಣ್ಯದ ಕಾರ್ಖಾನೆಗಳಲ್ಲಿ ತಗಡಿನ ಛಾವಣಿಯೂ ಲೋಹದ ಯಂತ್ರಗಳೂ ತರಂಗಗಳನ್ನು ನಾನಾ ದಿಕ್ಕಿಗೆ ಪ್ರತಿಫಲಿಸುತ್ತವೆ. ಆದಕಾರಣ ಒಂದೇ ಲ್ಯಾಪ್‌ಟಾಪು ಈ ಮೂರು ಸ್ಥಳಗಳಲ್ಲಿ ಮೂರು ಬಗೆಯಾಗಿ ನಡೆದುಕೊಂಡರೆ ಆಶ್ಚರ್ಯಪಡಬೇಕಾದುದಿಲ್ಲ.

ನಿಸ್ತಂತು ಜಾಲದ ಮೂಲಸ್ವಭಾವವೇನೆಂದರೆ, ಒಂದು ಚಾನೆಲ್ಲಿನಲ್ಲಿ ಒಂದು ಸಮಯಕ್ಕೆ ಒಂದೇ ಯಂತ್ರ ಮಾತನಾಡಬಹುದು, ಉಳಿದವು ಕಾದಿರಬೇಕು. 1997ರ ಮೊದಲ ವೈಫೈ ಮಾನಕದಲ್ಲಿ ಗರಿಷ್ಠ ದರ ಸೆಕೆಂಡಿಗೆ 2 ಮೆಗಾಬಿಟ್ ಇದ್ದಿತು. 1999ರಲ್ಲಿ ಅದು 11ಕ್ಕೂ, 2003ರಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿಯೇ 54ಕ್ಕೂ, 2009ರಲ್ಲಿ 600ಕ್ಕೂ ಏರಿತು. ಈ ಅಂಕಿಗಳು ತರಂಗದ ಮೇಲಿನ ಸಂಕೇತದರವನ್ನು ಸೂಚಿಸುತ್ತವೆಯೇ ಹೊರತು ಬಳಕೆದಾರನ ಕೈಸೇರುವ ದತ್ತಾಂಶದ ಪ್ರಮಾಣವನ್ನಲ್ಲ. ಕಾಯುವಿಕೆ, ಸ್ವೀಕೃತಿಸೂಚನೆ, ಮರುಪ್ರೇಷಣೆ ಇವುಗಳಲ್ಲಿ ಕಾಲ ವ್ಯಯವಾಗುವುದರಿಂದ, ಪರದೆಯ ಮೇಲೆ 54 ಎಂದು ತೋರುವ ಸಂಪರ್ಕದಲ್ಲಿ ಅದರ ಅರ್ಧದಷ್ಟು ದೊರೆತರೂ ಯಂತ್ರ ಸರಿಯಾಗಿದೆಯೆಂದೇ ತಿಳಿಯಬೇಕು.

ಪರೀಕ್ಷೆಯ ಮೊದಲ ಹೆಜ್ಜೆ, ದೋಷವು ನಿಸ್ತಂತು ಭಾಗದಲ್ಲಿಯೇ ಇದೆಯೇ ಎಂಬುದನ್ನು ನಿಶ್ಚಯಿಸುವುದು. ಲ್ಯಾಪ್‌ಟಾಪನ್ನು ತಂತಿಯ ಮೂಲಕ ಜೋಡಿಸಿದಾಗಲೂ ಗತಿ ಮಂದವಾಗಿದ್ದಲ್ಲಿ ಕಾರಣ ಹೊರಗಿನ ಅಂತರಜಾಲದ ಮಾರ್ಗದಲ್ಲಿರಬೇಕು. ಕಾಲೇಜಿನಲ್ಲಾದರೆ ಅದೇ ಜಾಲಕ್ಕೆ ತಂತಿಯಿಂದ ಸೇರಿದ ಇನ್ನೊಂದು ಕಂಪ್ಯೂಟರಿಗೂ ಲ್ಯಾಪ್‌ಟಾಪಿಗೂ ನಡುವೆ ಐಪರ್ಫ್ ಎಂಬ ಮುಕ್ತ ತಂತ್ರಾಂಶದಿಂದ ಅಳತೆ ಮಾಡುವುದು ಉತ್ತಮ. ಈ ಅಳತೆಯಲ್ಲಿ ಹೊರಗಿನ ಮಾರ್ಗದ ಪಾಲು ಇರುವುದಿಲ್ಲ.

ಎರಡನೆಯದು ಸಂಕೇತದ ಬಲ. ಲಿನಕ್ಸಿನಲ್ಲಿ ಐ, ಡಬ್ಲ್ಯು ಎಂಬ ಎರಡಕ್ಷರಗಳ ಆಜ್ಞೆಯು ಸಂಕೇತದ ಬಲ, ಆವರ್ತಾಂಕ ಮತ್ತು ಸಂಕೇತದರಗಳನ್ನು ತಿಳಿಸುತ್ತದೆ. ಬಲವನ್ನು ಡಿಬಿಎಂ ಎಂಬ ಮಾನದಲ್ಲಿ ಋಣಸಂಖ್ಯೆಯಾಗಿ ಕೊಡುತ್ತಾರೆ. ಋಣ 50 ಎಂದರೆ 10 ನ್ಯಾನೋವ್ಯಾಟ್; ಋಣ 80 ಎಂದರೆ ಅದರ ಸಾವಿರದಲ್ಲೊಂದು ಪಾಲು. ಪ್ರಸಾರ ಪೆಟ್ಟಿಗೆಯ ಪಕ್ಕದಲ್ಲಿಯೇ ಕುಳಿತರೂ ಋಣ 80ರ ಸುತ್ತಮುತ್ತ ತೋರಿದರೆ ಆಂಟೆನಾದ ಸಂಪರ್ಕವನ್ನು ಸಂದೇಹಿಸಬೇಕು. ರಿಯಲ್‌ಟೆಕ್ ಕಂಪನಿಯ 8723ಬಿಇ ಎಂಬ ಚಿಪ್ಪುಳ್ಳ ಕೆಲವು ಲ್ಯಾಪ್‌ಟಾಪುಗಳಲ್ಲಿ ಇದು ಪ್ರಸಿದ್ಧವಾದ ಉದಾಹರಣೆ. ಅಲ್ಲಿ ಜೋಡಣೆಯ ಸ್ಥಾನಗಳು ಎರಡಿದ್ದು ಆಂಟೆನಾ ಒಂದೇ ಇರುತ್ತದೆ. ಚಾಲಕ ತಂತ್ರಾಂಶವು ಬರಿದಾದ ಸ್ಥಾನವನ್ನು ಆರಿಸಿಕೊಂಡರೆ ಸಂಕೇತ ಕ್ಷೀಣಿಸುತ್ತದೆ. ಚಾಲಕಕ್ಕೆ ಆಂಟೆನಾದ ಆಯ್ಕೆಯನ್ನು ತಿಳಿಸುವ ಒಂದು ಅಂಕಿಯಿಂದ ಇದು ಸರಿಹೋಗುತ್ತದೆ.

ಮೂರನೆಯದು ಆವರ್ತಾಂಕಪಟ್ಟಿ. ಭಾರತ ಸರ್ಕಾರವು 2005ರಲ್ಲಿ 2400ರಿಂದ 2483.5 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯನ್ನು ಲೈಸೆನ್ಸಿನಿಂದ ಮುಕ್ತಗೊಳಿಸಿತು. 2018ರ ಅಧಿಸೂಚನೆಯಂತೆ 5150–5350 ಮತ್ತು 5470–5875 ಮೆಗಾಹರ್ಟ್ಸ್ ವ್ಯಾಪ್ತಿಗಳು, ಅಂದರೆ ಒಟ್ಟು 605 ಮೆಗಾಹರ್ಟ್ಸ್, ಅದೇ ರೀತಿ ದೊರೆತವು. ಮೊದಲನೆಯ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದಂತೆ ಸಾಮಾನ್ಯವಾಗಿ ಬಳಸುವ ಚಾನೆಲ್ಲುಗಳು 1, 6 ಮತ್ತು 11 ಮಾತ್ರ. ವೈಟ್‌ಫೀಲ್ಡಿನಂಥ ದಟ್ಟವಾದ ವಸತಿಯಲ್ಲಿ ಹತ್ತಾರು ಪೆಟ್ಟಿಗೆಗಳು ಈ ಮೂರನ್ನೇ ಹಂಚಿಕೊಳ್ಳಬೇಕಾಗುತ್ತದೆ. ಮೇಲೆ ಹೇಳಿದ ಮೊಬೈಲ್ ಫೋನು ಐದರ ಪಟ್ಟಿಯಲ್ಲಿಯೂ ಲ್ಯಾಪ್‌ಟಾಪು ಎರಡೂವರೆಗೆ ಸಮೀಪದ ಪಟ್ಟಿಯಲ್ಲಿಯೂ ಇದ್ದರೆ ಅವುಗಳ ಹೋಲಿಕೆಯೇ ಅಸಂಗತ. ಎರಡನ್ನೂ ಒಂದೇ ಪಟ್ಟಿಗೆ ತಂದ ಬಳಿಕವೇ ತುಲನೆ ಮಾಡತಕ್ಕದ್ದು.

ಲ್ಯಾಪ್‌ಟಾಪು ಐದರ ಪಟ್ಟಿಯನ್ನು ಏಕೆ ಆರಿಸಲಿಲ್ಲ ಎಂಬ ಪ್ರಶ್ನೆಗೆ ಅನೇಕ ವೇಳೆ ಉತ್ತರ ದೇಶಸೂಚಿಯಲ್ಲಿ ದೊರೆಯುತ್ತದೆ. ಪ್ರತಿ ದೇಶದ ನಿಯಮವನ್ನೂ ಒಳಗೊಂಡ ಒಂದು ಕೋಶ ಲಿನಕ್ಸಿನಲ್ಲಿದೆ. ದೇಶ ಯಾವುದೆಂದು ಗೊತ್ತಾಗದಿದ್ದಾಗ ಅದು 00 ಎಂಬ ಸಾಮಾನ್ಯ ನಿಯಮವನ್ನು ಪಾಲಿಸುತ್ತದೆ. ಎಲ್ಲ ದೇಶಗಳಿಗೂ ಒಪ್ಪುವಂತೆ ರಚಿತವಾದ ಈ ನಿಯಮ ಅತಿ ಸಂಕೋಚದ್ದು. ಐದರ ಪಟ್ಟಿಯಲ್ಲಿ ಯಂತ್ರವು ತಾನಾಗಿ ಮೊದಲು ಪ್ರಸಾರ ಮಾಡದೆ ಬರಿದೆ ಆಲಿಸಬೇಕೆಂದು ಅದು ವಿಧಿಸುತ್ತದೆ. ಅಮೆರಿಕದ ಸೂಚಿ ಇದ್ದರೆ, ಭಾರತದಲ್ಲಿ ಬಳಸಬಹುದಾದ 12 ಮತ್ತು 13ನೆಯ ಚಾನೆಲ್ಲುಗಳಲ್ಲಿರುವ ಪೆಟ್ಟಿಗೆ ಕಾಣಿಸದಿರಬಹುದು. ಸೂಚಿಯನ್ನು ಭಾರತವೆಂದು ನಿಗದಿಪಡಿಸಿ, ನಿಯಮಕೋಶವನ್ನೂ ನವೀಕರಿಸುವುದು ಯುಕ್ತ.

ನಾಲ್ಕನೆಯದು ವಿದ್ಯುತ್ತಿನ ಮಿತವ್ಯಯ. ಬ್ಯಾಟರಿಯನ್ನು ಉಳಿಸಲು ಅಡಾಪ್ಟರು ಆಗಾಗ ನಿದ್ರಿಸುತ್ತದೆ. ಆ ಅವಧಿಯಲ್ಲಿ ಬಂದ ದತ್ತಾಂಶವನ್ನು ಪ್ರಸಾರ ಪೆಟ್ಟಿಗೆ ಹಿಡಿದಿಟ್ಟು, ಸಾಮಾನ್ಯವಾಗಿ 102.4 ಮಿಲಿಸೆಕೆಂಡಿಗೊಮ್ಮೆ ಹೊರಡಿಸುವ ಘೋಷಣೆಯಲ್ಲಿ ಅದನ್ನು ತಿಳಿಸುತ್ತದೆ. ಹೀಗಾಗಿ ಪ್ರತ್ಯುತ್ತರಕ್ಕೆ ಕೆಲವೇ ಮಿಲಿಸೆಕೆಂಡು ಹಿಡಿಯಬೇಕಾದಲ್ಲಿ ನೂರಕ್ಕೂ ಮೇಲ್ಪಟ್ಟು ಹಿಡಿಯುತ್ತದೆ. ದೊಡ್ಡ ಕಡತ ಸರಾಗವಾಗಿ ಇಳಿದರೂ ಪುಟಗಳು ತಡವರಿಸುತ್ತವೆ. ಮೇಲಿನ ಎರಡಕ್ಷರದ ಆಜ್ಞೆಯಿಂದಲೇ ಈ ಮಿತವ್ಯಯವನ್ನು ತಾತ್ಕಾಲಿಕವಾಗಿ ನಿಲ್ಲಿಸಿ ವ್ಯತ್ಯಾಸವನ್ನು ನೋಡಬಹುದು.

ಐದನೆಯದು ಚಾಲಕ ತಂತ್ರಾಂಶ ಮತ್ತು ಫರ್ಮ್‌ವೇರು. ಲಿನಕ್ಸಿನ ಚಾಲಕಗಳ ಚರಿತ್ರೆಯನ್ನು ಇಲ್ಲಿ ಸ್ವಲ್ಪ ಸ್ಮರಿಸುವುದು ಉಚಿತ. 2001ರಲ್ಲಿ ‘ಲಿನಕ್ಸ್ ಬೆಂಗಳೂರು’ ಎಂಬ ಹೆಸರಿನಿಂದ ಆರಂಭವಾಗಿ, 2005ರಿಂದ ‘ಫಾಸ್ ಡಾಟ್ ಇನ್’ ಎಂದು ಕರೆಯಲ್ಪಟ್ಟು, 2012ರವರೆಗೆ ನಮ್ಮ ನಗರದಲ್ಲಿ ನಡೆದ ಸಮ್ಮೇಳನಗಳ ಕಾಲವೇ ನಿಸ್ತಂತು ಚಾಲಕಗಳು ರೂಪುಗೊಂಡ ಕಾಲವೂ ಆಗಿತ್ತು. 2008ರಲ್ಲಿ ಅಥೆರೋಸ್ ಕಂಪನಿಯೂ 2010ರಲ್ಲಿ ಬ್ರಾಡ್‌ಕಾಮ್ ಕಂಪನಿಯೂ ತಮ್ಮ ಕೆಲವು ಚಿಪ್ಪುಗಳ ಚಾಲಕಗಳನ್ನು ಮುಕ್ತಗೊಳಿಸಿದವು. ಆದರೂ ಬಹುಪಾಲು ಅಡಾಪ್ಟರುಗಳ ಒಳಗೆ ಓಡುವ ಫರ್ಮ್‌ವೇರು ಇಂದಿಗೂ ಮುಚ್ಚಿದ ಪೆಟ್ಟಿಗೆ. ಡೆಬಿಯನ್ ವಿತರಣೆಯು ಅದನ್ನು ತನ್ನ ಅಧಿಕೃತ ಸ್ಥಾಪನಾ ಮಾಧ್ಯಮದಲ್ಲಿ ಸೇರಿಸಿಕೊಂಡದ್ದು 2023ರ 12ನೆಯ ಆವೃತ್ತಿಯಿಂದೀಚೆಗೆ. ಫರ್ಮ್‌ವೇರು ದೊರೆಯದೆ ಹೋದದ್ದೂ, ಹಳೆಯ ಆವೃತ್ತಿಯಿಂದ ಕೆಲಸ ಸಾಗುತ್ತಿರುವುದೂ ಕರ್ನೆಲ್ಲಿನ ದಿನಚರಿಯಲ್ಲಿ ದಾಖಲಾಗಿರುತ್ತವೆ. ಅದನ್ನು ಓದುವ ಅಭ್ಯಾಸ ಬೆಳೆಯಬೇಕು.

ಇದೇ ಸಂದರ್ಭದಲ್ಲಿ ಒಂದು ಎಚ್ಚರಿಕೆ. ಇಂಟೆಲ್ ಅಡಾಪ್ಟರುಗಳ ಹಳೆಯ ತೊಂದರೆಯೊಂದಕ್ಕೆ ಪರಿಹಾರವಾಗಿ, 2009ರ ಮಾನಕವನ್ನು ನಿಷ್ಕ್ರಿಯಗೊಳಿಸುವ ಆಯ್ಕೆಯನ್ನು ಬಳಸುವ ಸಲಹೆ ಬಹುಕಾಲ ಪ್ರಚಾರದಲ್ಲಿತ್ತು. ಆ ಆಯ್ಕೆಗೆ 1 ಎಂಬ ಬೆಲೆ ಕೊಟ್ಟರೆ ಅಡಾಪ್ಟರು 54 ಮೆಗಾಬಿಟ್ಟನ್ನು ಮೀರುವುದಿಲ್ಲ. ಹಿಂದಿನ ಬಳಕೆದಾರನೊಬ್ಬನು ಬರೆದಿಟ್ಟ ಈ ಸಾಲು ಹೊಸ ಕೈಗೆ ಬಂದ ಯಂತ್ರದಲ್ಲಿಯೂ ಉಳಿದಿರಬಹುದು. ದರವು ಎಲ್ಲೆಲ್ಲಿಯೂ ಸರಿಯಾಗಿ 54ಕ್ಕೆ ನಿಂತಿದ್ದರೆ ಮೊದಲು ಅದನ್ನು ಹುಡುಕಬೇಕು. ನಿನ್ನೆಯ ಔಷಧವೇ ಇಂದಿನ ರೋಗವಾಗುವುದುಂಟು.

ಆರನೆಯದು ಸಮೀಪದ ಅಡಚಣೆ. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಬ್ಲೂಟೂತ್ ಉಪಕರಣಗಳೂ ಮೈಕ್ರೋವೇವ್ ಒಲೆಗಳೂ ಪಾಲುದಾರರು. ಯುಎಸ್‌ಬಿ 3.0 ಸಾಧನಗಳು ಇದೇ ಪಟ್ಟಿಯಲ್ಲಿ ಸದ್ದು ಹೊರಸೂಸುತ್ತವೆಂದು ಇಂಟೆಲ್ ಕಂಪನಿಯೇ 2012ರಲ್ಲಿ ಪ್ರಕಟಿಸಿತು. ಹೊರಜೋಡಣೆಯ ಡಿಸ್ಕನ್ನು ಕಳಚಿ ನೋಡುವುದು ವೆಚ್ಚವಿಲ್ಲದ ಪರೀಕ್ಷೆ.

ಕೊನೆಯದು ಕಾಲದ ಹಂಚಿಕೆ. 1500 ಬೈಟುಗಳ ಒಂದು ಕಂತೆಯ ದತ್ತಾಂಶಕ್ಕೆ ಸೆಕೆಂಡಿಗೆ 54 ಮೆಗಾಬಿಟ್ ದರದಲ್ಲಿ ಸುಮಾರು 0.22 ಮಿಲಿಸೆಕೆಂಡು ಸಾಕು. 1 ಮೆಗಾಬಿಟ್ ದರದಲ್ಲಿ 12 ಮಿಲಿಸೆಕೆಂಡು ಬೇಕು. ಎಲೆಕ್ಟ್ರಾನಿಕ್ ಸಿಟಿಯ ವಸತಿಗೃಹವೊಂದರ ದೂರದ ಮೂಲೆಯಲ್ಲಿ ಕುಳಿತ ಒಬ್ಬನು ಕ್ಷೀಣ ಸಂಕೇತದಿಂದ ಕಡತ ಇಳಿಸುತ್ತಿದ್ದರೆ, ಸರದಿಯಂತೆ ಕಂತೆಗೊಂದು ಕಂತೆ ಸಾಗುವಾಗ ಅವನು ಇತರರ ಕಾಲವನ್ನೆಲ್ಲ ನುಂಗುತ್ತಾನೆ. ಆಗ ಪೆಟ್ಟಿಗೆಯ ಪಕ್ಕದಲ್ಲಿರುವ ಉತ್ತಮ ಯಂತ್ರವೂ ಮಂದವಾಗುತ್ತದೆ. ಕಂತೆಗಳ ಬದಲು ಕಾಲವನ್ನೇ ಸಮನಾಗಿ ಹಂಚುವ ವಿಧಾನವು 2017ರಲ್ಲಿ ಲಿನಕ್ಸಿನ ಅಥೆರೋಸ್ ಚಾಲಕವೊಂದಕ್ಕೆ ಸೇರಿತು. ಈ ಕಾರಣವು ಲ್ಯಾಪ್‌ಟಾಪಿನಲ್ಲಿ ಇಲ್ಲವೇ ಇಲ್ಲವಾದುದರಿಂದ ಅಲ್ಲಿ ಮಾಡುವ ಯಾವ ತಿದ್ದುಪಾಟಿನಿಂದಲೂ ಪರಿಹಾರವಾಗದು. ಪೆಟ್ಟಿಗೆಯ ಸ್ಥಾನವನ್ನು ಬದಲಿಸಬೇಕು, ಇಲ್ಲವೆ ಮತ್ತೊಂದನ್ನು ಇಡಬೇಕು.

ಮೇಲ್ಕಂಡ ಪರೀಕ್ಷೆಗಳಲ್ಲಿ ಪಾಲಿಸಬೇಕಾದ ನಿಯಮ ಒಂದೇ: ಒಂದು ಸಲಕ್ಕೆ ಒಂದೇ ಬದಲಾವಣೆ, ಅದರ ಹಿಂದೆಯೂ ಮುಂದೆಯೂ ಅಳತೆ, ಅಳತೆಗೆ ಬರಹ. ಸ್ಥಳ, ಹೊತ್ತು, ಪಟ್ಟಿ, ಬಲ, ಸಂಕೇತದರ, ನಿಜವಾಗಿ ದೊರೆತ ಗತಿ ಈ ಆರು ಕಲಮುಗಳ ಒಂದು ಕೋಷ್ಟಕ ಸಾಕು. ಭೌತಶಾಸ್ತ್ರ ಹಾಗೂ ಗಣಕವಿಜ್ಞಾನದ ತರಗತಿಗಳಲ್ಲಿ ಇದನ್ನು ಒಂದು ಪ್ರಯೋಗವಾಗಿ ಮಾಡಿಸಬಹುದು. ಮುಕ್ತ ಕಾರ್ಯವ್ಯವಸ್ಥೆಯಲ್ಲಿ ದೋಷಗಳೇ ಇಲ್ಲವೆಂದು ಯಾರೂ ಹೇಳಲಾರರು. ಅಲ್ಲಿ ಚಾಲಕದ ಬರಹವನ್ನೂ ನಿಯಮಕೋಶವನ್ನೂ ದಿನಚರಿಯನ್ನೂ ವಿದ್ಯಾರ್ಥಿ ತಾನೇ ತೆರೆದು ಓದಬಹುದೆಂಬುದು ಅದರ ವಿಶೇಷ. ಕಾರಣವನ್ನು ಅಳೆಯದೆ ಅದನ್ನು ತ್ಯಜಿಸಿದಲ್ಲಿ, ಕಡಮೆ ಬೆಲೆಯ ಯಂತ್ರವೊಂದರ ಜೊತೆಗೆ ಈ ಓದುವ ಅವಕಾಶವನ್ನೂ ನಾವು ಕಳೆದುಕೊಂಡಂತಾಗುತ್ತದೆ.