ಹಳ್ಳದ ಕಲ್ಲು ಎತ್ತಿ ನೋಡಿ, ನೀರಿನ ಆರೋಗ್ಯ ತಿಳಿಯುತ್ತೆ

ಎರಡು ವರ್ಷದ ಹಿಂದಿನವರೆಗೂ ತರಕಾರಿಗೆ ಕೀಟನಾಶಕ ಹೊಡೆದ ಮೇಲೆ ನಾನು ಕ್ಯಾನ್ ತೊಳೀತಿದ್ದದ್ದು ತೋಟದ ಪಕ್ಕದ ಹಳ್ಳದಲ್ಲೇ. ಹರಿಯೋ ನೀರು, ಎಲ್ಲಾ ಕೊಚ್ಚಿಕೊಂಡು ಹೋಗುತ್ತೆ ಅನ್ನೋ ಧೈರ್ಯ. ಬಿಎಸ್ಸಿ ಓದುತ್ತಿದ್ದ ಅಕ್ಕನ ಮಗ ರಜೆಗೆ ಎಮ್ಮೆದೊಡ್ಡಿಗೆ ಬಂದಾಗ ಹಳ್ಳಕ್ಕಿಳಿದು ಕಲ್ಲುಗಳನ್ನು ತಿರುವಿ ನೋಡಿದ. ಕ್ಯಾನ್ ತೊಳೆಯುವ ಜಾಗದಿಂದ ಮೇಲೆ ಕಲ್ಲಿಗೊಂದಿಷ್ಟು ಹುಳ ಸಿಕ್ಕವು. ಕೆಳಗೆ ಬರೀ ಬಸವನಹುಳು. “ಮಾವ, ಇಲ್ಲೇನೋ ಆಗಿದೆ” ಅಂದ. ನೀರು ಮಾತ್ರ ಎರಡೂ ಕಡೆ ತಿಳಿಯಾಗಿಯೇ ಇತ್ತು.

ನೀರಿನ ಸ್ಯಾಂಪಲ್ ತೆಗೆದು ಲ್ಯಾಬಿಗೆ ಕೊಟ್ಟರೆ ಆ ಹೊತ್ತಿನ ನೀರಿನ ಸ್ಥಿತಿ ಗೊತ್ತಾಗುತ್ತೆ. ಹೋದ ವಾರ ಹರಿದ ವಿಷ ಅದರಲ್ಲಿ ಸಿಗದೇ ಇರಬಹುದು. ಆದರೆ ಕಲ್ಲಿನಡಿಯ ಹುಳಗಳು ವಾರಗಟ್ಟಲೆ, ತಿಂಗಳುಗಟ್ಟಲೆ ಅಲ್ಲೇ ಬದುಕುವಂಥವು. ಅವು ಸತ್ತಿದ್ದರೆ ಜಾಗ ಖಾಲಿಯಾಗಿ ಕಾಣುತ್ತೆ.

ಯಾವ ಹುಳ ಏನು ಹೇಳುತ್ತೆ?

ಸ್ಟೋನ್‌ಫ್ಲೈ ಮರಿಗೆ ಎರಡು ಬಾಲ. ತಂಪಾದ, ಉಸಿರಾಡಲು ಆಮ್ಲಜನಕ ಚೆನ್ನಾಗಿರೋ ನೀರೇ ಬೇಕು. ಮೇಫ್ಲೈ ಮರಿಗೆ ಸಾಮಾನ್ಯವಾಗಿ ಮೂರು ಬಾಲ, ಹೊಟ್ಟೆಯ ಪಕ್ಕದಲ್ಲಿ ಎಲೆಯಂಥ ಕಿವಿರು. ಕ್ಯಾಡಿಸ್‌ಫ್ಲೈ ಜಾತಿಯ ಕೆಲವು ಮರಿಗಳು ಮರಳು, ಎಲೆ ಚೂರು ಅಂಟಿಸಿ ಗೂಡು ಕಟ್ಟಿಕೊಂಡಿರುತ್ತವೆ. ಈ ಮೂರೂ ಇದ್ದರೆ ನೀರು ಬಹುಪಾಲು ಚೆನ್ನಾಗಿದೆ ಅಂತ ಲೆಕ್ಕ. ಏರೋಪ್ಲೇನ್ ಚಿಟ್ಟೆಯ ಮರಿಗಳು, ನೀರಿನ ದುಂಬಿಗಳು ಸ್ವಲ್ಪ ತಡೆದುಕೊಳ್ಳುತ್ತವೆ. ಕೊಳೆತ ನೀರಲ್ಲೂ ಬದುಕೋದು ಕೆಂಪು ಹುಳಗಳು. ಅವುಗಳ ಮೈಯಲ್ಲಿ ನಮ್ಮ ರಕ್ತದಲ್ಲಿರುವಂಥ ಹಿಮೋಗ್ಲೋಬಿನ್ ಇರೋದರಿಂದ ಆಮ್ಲಜನಕ ಕಡಿಮೆಯಾದರೂ ನಡೆಯುತ್ತೆ.

ಹೀಗಾಗಿ ಏನು ತಪ್ಪಾಗಿದೆ ಅನ್ನೋದರ ಸುಳಿವೂ ಸಿಗುತ್ತೆ. ಸಗಣಿ ನೀರು, ಕಾಫಿ ಪಲ್ಪಿಂಗ್ ನೀರು ಸೇರಿದ್ದರೆ ಕೆಂಪು ಹುಳ ವಿಪರೀತ ಹೆಚ್ಚುತ್ತವೆ. ಕೀಟನಾಶಕ ಸೇರಿದ್ದರೆ ಕೀಟಗಳು ಕಾಣೆಯಾಗಿ ಬಸವನಹುಳು ಉಳಿಯಬಹುದು. ಹೊಲದ ಮಣ್ಣು ಕೊಚ್ಚಿ ಬಂದಿದ್ದರೆ ಕಲ್ಲಿನ ಸಂದು ಮುಚ್ಚಿ ಎಲ್ಲಾ ಜಾತಿಯೂ ಕಡಿಮೆಯಾಗುತ್ತೆ.

ಮಾಡೋದು ಹೇಗೆ?

1. ಮಳೆಗಾಲ ಮುಗಿದು ನೀರು ಇಳಿದ ಮೇಲೆ, ನವೆಂಬರ್‌ನಿಂದ ಜನವರಿಯೊಳಗೆ ನೋಡಿ. ನೆರೆ ಇದ್ದಾಗ ಹಳ್ಳಕ್ಕಿಳಿಯಬೇಡಿ.
2. ಅನುಮಾನವಿರೋ ಜಾಗದ ಮೇಲೊಂದು, ಕೆಳಗೊಂದು ಜಾಗ ಆರಿಸಿ. ಎರಡೂ ಕಡೆ ಕಲ್ಲು, ಆಳ, ಹರಿವು ಒಂದೇ ಥರ ಇರಲಿ.
3. ಸೊಳ್ಳೆ ಪರದೆ ಬಟ್ಟೆಯನ್ನು ನೀರು ಹರಿದು ಹೋಗುವ ಬದಿಗೆ ಹಿಡಿದು, ಅದರ ಮುಂದಿನ ಕಲ್ಲುಗಳನ್ನು ಕಾಲಿಂದ ಅಲ್ಲಾಡಿಸಿ. ಎರಡೂ ಕಡೆ ಮೂರು ಮೂರು ನಿಮಿಷ.
4. ಬಿಳಿ ಟ್ರೇಗೆ ನೀರು ಹಾಕಿ ಸುರಿದು, ಎಷ್ಟು ಬಗೆ ಹುಳ ಇವೆ ಅಂತ ಬರೆದುಕೊಳ್ಳಿ. ಆಮೇಲೆ ಹಳ್ಳಕ್ಕೇ ಬಿಡಿ.

ವಿಜ್ಞಾನಿಗಳು ಪ್ರತಿ ಕುಟುಂಬಕ್ಕೂ 1ರಿಂದ 10ರವರೆಗೆ ಅಂಕ ಕೊಟ್ಟು ಸರಾಸರಿ ತೆಗೆಯುತ್ತಾರೆ. ಬ್ರಿಟನ್ನಿನಲ್ಲಿ ರೂಪುಗೊಂಡ ಈ ಲೆಕ್ಕದಲ್ಲಿ ಕೆಲವು ಸ್ಟೋನ್‌ಫ್ಲೈಗಳಿಗೆ 10, ಕೆಂಪು ಹುಳದ ಕುಟುಂಬಕ್ಕೆ 2. ನಮ್ಮ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯೂ ಇದೇ ದಾರಿಯಲ್ಲಿ ನೀರನ್ನು ಐದು ದರ್ಜೆಗಳಾಗಿ ವಿಂಗಡಿಸುವ ಮಾನದಂಡ ಮಾಡಿದೆ. ರೈತರಿಗೆ ಅಷ್ಟೆಲ್ಲ ಬೇಡ, ಮೇಲಿನ ಜಾಗಕ್ಕೂ ಕೆಳಗಿನ ಜಾಗಕ್ಕೂ ಇರೋ ವ್ಯತ್ಯಾಸ ನೋಡಿದರೆ ಸಾಕು.

ಎರಡು ಎಚ್ಚರಿಕೆ. ಬೇಸಿಗೆಯಲ್ಲಿ ಬತ್ತೋ ಹಳ್ಳದಲ್ಲಿ, ನಿಂತ ಕೆರೆ ನೀರಲ್ಲಿ ಸ್ಟೋನ್‌ಫ್ಲೈ ಇಲ್ಲ ಅಂದ ಮಾತ್ರಕ್ಕೆ ನೀರು ಕೆಟ್ಟಿದೆ ಅಂತಲ್ಲ. ಹಾಗೇ, ಹುಳ ಇದೆ ಅಂತ ಆ ನೀರನ್ನು ಕುಡಿಯಲೂಬೇಡಿ. ರೋಗಾಣು ಇದೆಯೋ ಇಲ್ಲವೋ ಅನ್ನೋದನ್ನು ಹುಳಗಳು ಹೇಳಲ್ಲ.

ನಾನೀಗ ಕ್ಯಾನನ್ನು ಹೊಲದಲ್ಲೇ ಮೂರು ಸಲ ತೊಳೆದು, ಆ ನೀರನ್ನು ಅದೇ ಬೆಳೆಗೆ ಹೊಡೀತೀನಿ. ಹೋದ ಚಳಿಗಾಲ ಕೆಳಗಿನ ಕಲ್ಲು ಎತ್ತಿದಾಗ ಮೂರು ಬಾಲದ ಮರಿಗಳು ಓಡಾಡ್ತಿದ್ದವು. ಮೇಲಿನಿಂದ ತೇಲಿ ಬಂದಿರಬೇಕು, ಇಲ್ಲಾ ಹಾರಿ ಬಂದವು ಮೊಟ್ಟೆ ಇಟ್ಟಿರಬೇಕು. ಮೇಲ್ಭಾಗ ಚೆನ್ನಾಗಿದ್ದರೆ ಹಳ್ಳ ಹೀಗೆ ತಾನೇ ಸುಧಾರಿಸಿಕೊಳ್ಳುತ್ತೆ.

ನಮ್ಮ ಕಡೆಯ ನೀರು ಬಾಬಾಬುಡನ್‌ಗಿರಿಯ ಪೂರ್ವದ ಇಳಿಜಾರಿನಿಂದ ಬರೋದು. ಅವತಿ ಹೊಳೆ ಮದಗದಕೆರೆ ತುಂಬಿಸಿ, ಮುಂದೆ ವೇದಾ ಹೊಳೆ ಜೊತೆ ಸೇರಿ ವೇದಾವತಿ ಆಗಿ ಹಿರಿಯೂರಿನ ವಾಣಿವಿಲಾಸ ಸಾಗರ ಸೇರುತ್ತೆ. ನಾವು ಇಲ್ಲಿ ತೊಳೆದದ್ದು ಕೆಳಗಿನೂರಿನ ದನ ಕುಡಿಯೋ ನೀರಿಗೇ ಹೋಗುತ್ತೆ. ಈ ಚಳಿಗಾಲ ಒಂದು ಬೆಳಿಗ್ಗೆ ಬಿಡುವು ಮಾಡಿಕೊಂಡು, ಮಕ್ಕಳನ್ನೂ ಕರೆದುಕೊಂಡು ನಿಮ್ಮ ಹಳ್ಳದ ಕಲ್ಲುಗಳನ್ನು ನೋಡಿ ಬನ್ನಿ.