ಸುಸ್ತಿಗೆ ಗ್ಲೂಕೋಸ್, ನಿದ್ದೆಗೆ ಮಾತ್ರೆ

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ‘ನನಗೆ ಖಿನ್ನತೆ’ ಎಂದು ಚೀಟಿ ಮಾಡಿಸುವವರು ಅಪರೂಪ. ತಲೆಭಾರ, ಮೈಕೈ ನೋವು, ಎದೆ ಡವಡವ, ಊಟ ಸೇರಲ್ಲ ಎನ್ನುತ್ತಾರೆ. ಗ್ಲೂಕೋಸ್ ಹಾಕಿ ಎನ್ನುವವರೂ ಉಂಟು. ಹೊರಗೆ ಸಾಲು ಬೆಳೆಯುತ್ತಿರುವಾಗ ವೈದ್ಯರು ಬಿ-ಕಾಂಪ್ಲೆಕ್ಸ್, ನೋವಿನ ಮಾತ್ರೆ, ಜೊತೆಗೊಂದು ಆಲ್‌ಪ್ರಜೋಲಾಮ್ ಬರೆದು ಕಳಿಸುತ್ತಾರೆ. ಅಂದು ರಾತ್ರಿಯೇ ನಿದ್ದೆ ಬರುವುದರಿಂದ ರೋಗಿಗೂ ಸಮಾಧಾನ.

ಎಡವಟ್ಟು ಶುರುವಾಗುವುದೇ ಅಲ್ಲಿಂದ. ಆಲ್‌ಪ್ರಜೋಲಾಮ್, ಡಯಾಜೆಪಾಮ್ ಖಿನ್ನತೆಯನ್ನು ವಾಸಿ ಮಾಡುವುದಿಲ್ಲ. ಕೆಲವೇ ವಾರಗಳಲ್ಲಿ ಮೈಗೆ ಅವು ರೂಢಿಯಾಗಿ, ಬಿಟ್ಟರೆ ಚಡಪಡಿಕೆ ಹುಟ್ಟುತ್ತದೆ. ಖಿನ್ನತೆಗೆಂದೇ ಇರುವ ಫ್ಲುವಾಕ್ಸೆಟಿನ್, ಎಸ್ಸಿಟಲೋಪ್ರಾಮ್‌ಗಳದು ಬೇರೆಯೇ ಸ್ವಭಾವ: ವಾಕರಿಕೆ, ತಳಮಳ ಮೊದಲ ವಾರವೇ ಕಾಣಿಸಬಹುದು, ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಇದನ್ನು ಮೊದಲೇ ಹೇಳದಿದ್ದರೆ ‘ಈ ಮಾತ್ರೆ ನಂಗೆ ಆಗಿಬರಲಿಲ್ಲ’ ಎಂದು ರೋಗಿ ಬಿಟ್ಟುಬಿಡುತ್ತಾರೆ. ಹುಷಾರಾದ ಕೂಡಲೇ ನಿಲ್ಲಿಸುವವರೂ ಬಹಳ. ಚೇತರಿಸಿಕೊಂಡ ಮೇಲೂ ಕನಿಷ್ಠ ಆರು ತಿಂಗಳು ನುಂಗಬೇಕು, ಬಿಡುವಾಗ ನಿಧಾನವಾಗಿ ಇಳಿಸಬೇಕು.

ಪ್ರಮಾಣದ್ದೂ ಒಂದು ತಕರಾರು. ಅಮಿಟ್ರಿಪ್ಟಿಲಿನ್ 10 ಮಿಲಿಗ್ರಾಂ ತಲೆನೋವಿಗೆ ಸಾಕಾಗಬಹುದು, ಖಿನ್ನತೆಗೆ ಅದು ಲೆಕ್ಕಕ್ಕಿಲ್ಲ. ಹಾಗೆಂದು ಸಾಯುವ ಯೋಚನೆ ಇರುವವರ ಕೈಗೆ ತಿಂಗಳ ಮಾತ್ರೆ ಒಟ್ಟಿಗೇ ಕೊಡುವಂತೆಯೂ ಇಲ್ಲ; ಒಮ್ಮೆಲೇ ನುಂಗಿದರೆ ಹೃದಯದ ಬಡಿತಕ್ಕೇ ಕುತ್ತು. ಚೀಟಿ ಬರೆಯುವ ಮುನ್ನ ಕೇಳಲೇಬೇಕಾದ ಪ್ರಶ್ನೆಯೂ ಒಂದಿದೆ: ಹಿಂದೆಂದಾದರೂ ದಿನಗಟ್ಟಲೆ ನಿದ್ದೆಯೇ ಬೇಡವೆನಿಸಿ, ಮಾತು, ಖರ್ಚು, ಹುರುಪು ಮಿತಿಮೀರಿತ್ತೇ? ಹೌದಾದರೆ ಅದು ಬೈಪೋಲಾರ್ ಇರಬಹುದು. ಬರೀ ಖಿನ್ನತೆಯ ಮಾತ್ರೆ ಕೊಟ್ಟರೆ ಉನ್ಮಾದ ಕೆರಳೀತು. ರಕ್ತಹೀನತೆ, ಥೈರಾಯ್ಡ್, ಕುಡಿತದ ವಿಚಾರಣೆಯೂ ಆಗಬೇಕು.

ಸೌಮ್ಯ ಖಿನ್ನತೆಗೆ ಮೊದಲೇ ಮಾತ್ರೆ ಬೇಡ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಗೋವಾದ ಆರೋಗ್ಯ ಕೇಂದ್ರಗಳಲ್ಲಿ ನಡೆದು 2017ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾದ ಅಧ್ಯಯನದಲ್ಲಂತೂ ತರಬೇತಿ ಪಡೆದ ಸಾಮಾನ್ಯರ ಆಪ್ತಸಲಹೆಯಿಂದ ತೀವ್ರ ಖಿನ್ನತೆಯವರಿಗೂ ಅನುಕೂಲವಾಯಿತು.

ಸಾಧಾರಣ ವೈದ್ಯರಿಗೆ ಇದೆಲ್ಲ ಆಗದ ಕೆಲಸ ಎನ್ನುವವರಿಗೆ ಬಳ್ಳಾರಿಯೇ ಉತ್ತರ. 1980ರ ದಶಕದಲ್ಲಿ ನಿಮ್ಹಾನ್ಸ್ ಅಲ್ಲಿನ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟು ನಡೆಸಿದ ಪ್ರಯೋಗವೇ 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿಯಾಯಿತು. ಆದರೂ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಖಿನ್ನತೆಯುಳ್ಳ ನೂರರಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ನನ್ನ ಲೆಕ್ಕದಲ್ಲಿ ತರಬೇತಿಯಷ್ಟೇ ಮುಖ್ಯವಾದದ್ದು ಎರಡನೇ ಭೇಟಿ. ಎರಡು ವಾರ ಬಿಟ್ಟು ಬನ್ನಿ ಎಂದರೆ ಸಾಲದು. ಬಾರದವರ ಮನೆಗೆ ಆಶಾ ಕಾರ್ಯಕರ್ತೆ ಹೋಗಿ ಬರಬೇಕು, ಬಂದವರಿಗೆ ಅದೇ ಮಾತ್ರೆ ಅದೇ ಕೇಂದ್ರದಲ್ಲಿ ಸಿಗಬೇಕು.