ತಿಮಿಂಗಿಲದ ಬೆನ್ನುಹತ್ತಿದ ಆಶಾ: ಕಡಲಿಲ್ಲದ ಮಾಡಗ್ಯಾಳಕ್ಕೂ ಇದೆ ನಂಟು

ಮಾಡಗ್ಯಾಳ: ಜತ್ತ ತಾಲೂಕಿನ ಈ ಭಾಗದಲ್ಲಿ ಮಳೆಯೇ ಅಪರೂಪ, ಕಡಲಂತೂ ದೂರದ ಮಾತು. ಇಲ್ಲಿಂದ ಕೊಂಕಣದ ದಂಡೆಗೆ ಹೋಗಬೇಕಾದರೆ ಸಹ್ಯಾದ್ರಿ ಘಾಟು ಇಳಿದು ಇನ್ನೂರು ಕಿಲೋಮೀಟರಿಗೂ ಹೆಚ್ಚು ದಾರಿ ಸವೆಸಬೇಕು. ಆದರೂ ಕೆಲವು ವರ್ಷಗಳಿಂದ ಒಂದು ಕಡಲ ಪ್ರಾಣಿಯ ಹೆಸರು ಗಡಿಭಾಗದ ಕಟ್ಟೆಗಳ ಮೇಲೂ ಕೇಳಿಬರುತ್ತಿದೆ. ಅದೇ ತಿಮಿಂಗಿಲ, ಮರಾಠಿಯಲ್ಲಿ ‘ದೇವಮಾಸಾ’. ಅದರ ‘ವಾಂತಿ’ಗೆ ಕೋಟಿಗಟ್ಟಲೆ ಬೆಲೆ ಇದೆ ಎಂಬುದೇ ಈ ಮಾತಿಗೆಲ್ಲ ಕಾರಣ. 2023ರಲ್ಲಿ ಸಾಂಗ್ಲಿ ನಗರದಲ್ಲೇ ಪೊಲೀಸರು ಇಂಥ ಮಾಲು ಹಿಡಿದು ಆರೋಪಿಗಳನ್ನು ಬಂಧಿಸಿದ್ದರು.

ಈ ವ್ಯಾಪಾರದ ಸತ್ಯಾಸತ್ಯತೆ ತಿಳಿಯುವ ಮೊದಲು ತಿಮಿಂಗಿಲ ಎಂದರೇನು, ಅದು ನಮ್ಮ ಕಡಲಿನಲ್ಲಿ ಹೇಗೆ ಬದುಕುತ್ತದೆ ಎಂಬುದನ್ನು ತಿಳಿಯಬೇಕು. ಅದನ್ನು ತಿಳಿಸಿಕೊಟ್ಟವರಲ್ಲಿ ಪ್ರಮುಖರು ನೆರೆಯ ಶ್ರೀಲಂಕಾದ ವಿಜ್ಞಾನಿ ಡಾ. ಆಶಾ ಡಿ ವೋಸ್. ಅವರ ಕೆಲಸ ಶುರುವಾಗಿದ್ದೂ ತಿಮಿಂಗಿಲದ ಹೊಟ್ಟೆಯಿಂದ ಹೊರಬಿದ್ದ ವಸ್ತುವಿನಿಂದಲೇ ಎಂಬುದು ವಿಶೇಷ.

ಆಲೂಗಡ್ಡೆ ಹೊಲದಿಂದ ಹಡಗಿಗೆ

ಆಶಾ ಹುಟ್ಟಿದ್ದು 1979ರಲ್ಲಿ. ಆರು ವರ್ಷದವರಿದ್ದಾಗ ತಂದೆ-ತಾಯಿ ತರುತ್ತಿದ್ದ ಹಳೆಯ ‘ನ್ಯಾಷನಲ್ ಜಿಯಾಗ್ರಫಿಕ್’ ಪತ್ರಿಕೆಗಳ ಚಿತ್ರ ನೋಡುತ್ತ, ಯಾರೂ ನೋಡದ್ದನ್ನು ತಾನು ನೋಡಬೇಕು ಎಂಬ ಹಂಬಲ ಬೆಳೆಸಿಕೊಂಡರು. ದ್ವೀಪ ದೇಶವಾದರೂ ಶ್ರೀಲಂಕಾದಲ್ಲಿ ಆಗ ಕಡಲ ಜೀವಶಾಸ್ತ್ರ ಓದುವವರು ಕಡಿಮೆ. ಬುದ್ಧಿವಂತ ಮಕ್ಕಳು ಡಾಕ್ಟರ್, ಎಂಜಿನಿಯರ್ ಆಗಬೇಕು ಎಂಬ ರೂಢಿ ನಮ್ಮಲ್ಲಿದ್ದಂತೆಯೇ ಅಲ್ಲಿಯೂ ಇತ್ತು.

ಆಶಾ ಸ್ಕಾಟ್ಲೆಂಡ್‌ನ ಸೇಂಟ್ ಆಂಡ್ರ್ಯೂಸ್ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದರು. ಮುಂದೆ ಆಲೂಗಡ್ಡೆ ಹೊಲಗಳಲ್ಲಿ ಕೂಲಿ ಮಾಡಿ ಹಣ ಕೂಡಿಸಿ ನ್ಯೂಜಿಲೆಂಡ್‌ಗೆ ಹೋದರು. ಅಲ್ಲಿ ಆರು ತಿಂಗಳು ಟೆಂಟಿನಲ್ಲಿ ವಾಸವಿದ್ದು ವನ್ಯಜೀವಿ ಕೆಲಸ ಕಲಿತರು.

ಅದೇ ಹೊತ್ತಿಗೆ ‘ಒಡಿಸ್ಸಿ’ ಎಂಬ ತಿಮಿಂಗಿಲ ಸಂಶೋಧನಾ ಹಡಗು ಹಿಂದೂ ಮಹಾಸಾಗರಕ್ಕೆ ಬರುವ ಸುದ್ದಿ ತಿಳಿಯಿತು. ತಿಮಿಂಗಿಲಗಳ ಹಾಡನ್ನು ಜಗತ್ತಿಗೆ ಕೇಳಿಸಿದ ಅಮೆರಿಕದ ವಿಜ್ಞಾನಿ ರೋಜರ್ ಪೇನ್ ಅವರ ಸಂಸ್ಥೆಯ ಹಡಗು ಅದು. ತನ್ನನ್ನೂ ಸೇರಿಸಿಕೊಳ್ಳಿ ಎಂದು ಆಶಾ ಮೂರು ತಿಂಗಳ ಕಾಲ ಪ್ರತಿದಿನ ಪತ್ರ ಬರೆದರು. ಕೊನೆಗೆ ಹಡಗಿನವರು ಒಪ್ಪಿದರು. ಮೊದಲು ಸಿಕ್ಕಿದ್ದು ಹಡಗಿನ ಹಿತ್ತಾಳೆ ಸಾಮಾನು ತಿಕ್ಕುವಂಥ ಕೆಲಸ!

ಗೊಬ್ಬರ ಕೊಟ್ಟ ಸುಳಿವು

2003ರಲ್ಲಿ ಶ್ರೀಲಂಕಾದ ದಕ್ಷಿಣ ಕರಾವಳಿಯಲ್ಲಿ ಸಾಗುತ್ತಿದ್ದಾಗ ಆರು ನೀಲಿ ತಿಮಿಂಗಿಲಗಳು ಒಂದೇ ಕಡೆ ಸೇರಿರುವುದು ಕಂಡಿತು. ಅವುಗಳ ನಡುವೆ ನೀರಿನ ಮೇಲೆ ಕೆಂಪನೆಯ ರಾಶಿ ತೇಲುತ್ತಿತ್ತು. ಅದು ತಿಮಿಂಗಿಲದ ಮಲ.

ಉಳಿದವರಿಗೆ ಅದು ಹೊಲಸು, ಆಶಾ ಅವರಿಗೆ ಅದೇ ಸುಳಿವು. ದೊಡ್ಡ ತಿಮಿಂಗಿಲಗಳು ತಂಪು ಪ್ರದೇಶದ ಕಡಲಿಗೆ ಹೋಗಿ ಮೇಯುತ್ತವೆ, ಬೆಚ್ಚಗಿನ ಕಡಲಿಗೆ ಮರಿ ಹಾಕಲು ಮಾತ್ರ ಬರುತ್ತವೆ ಎಂದು ಪುಸ್ತಕಗಳಲ್ಲಿತ್ತು. ಮೇವು ಹುಡುಕಿ ಕುರಿ ಹಿಂಡು ವಲಸೆ ಹೋಗಿ, ಮಳೆಗಾಲಕ್ಕೆ ಊರಿಗೆ ಮರಳುವ ಹಾಗೆ. ಆದರೆ ಮೇಯದೆ ಮಲ ಎಲ್ಲಿಂದ ಬರಬೇಕು? ಅಂದರೆ ಈ ತಿಮಿಂಗಿಲಗಳು ಇಲ್ಲೇ, ಬೆಚ್ಚಗಿನ ನೀರಿನಲ್ಲೇ ಮೇಯುತ್ತಿವೆ!

ಮುಂದಿನ ಅಧ್ಯಯನಗಳಿಂದ ಉತ್ತರ ಹಿಂದೂ ಮಹಾಸಾಗರದ ನೀಲಿ ತಿಮಿಂಗಿಲಗಳು ಧ್ರುವ ಪ್ರದೇಶಕ್ಕೆ ವಲಸೆ ಹೋಗದೆ ವರ್ಷವಿಡೀ ಇಲ್ಲೇ ಇರುತ್ತವೆ ಎಂಬುದು ಸ್ಪಷ್ಟವಾಯಿತು. ಬೇರೆ ಕಡಲಿನ ನೀಲಿ ತಿಮಿಂಗಿಲಗಳ ಮುಖ್ಯ ಆಹಾರ ಕ್ರಿಲ್ ಎಂಬ ಸಣ್ಣ ಜೀವಿ. ಆದರೆ ಶ್ರೀಲಂಕಾದ ತಿಮಿಂಗಿಲಗಳು ಹೆಚ್ಚಾಗಿ ಬೇರೊಂದು ಜಾತಿಯ ಸಣ್ಣ ಸೀಗಡಿ ತಿನ್ನುತ್ತವೆ. ಇದನ್ನು ಆಶಾ ಮತ್ತು ಜೊತೆಗಾರರು ಮಲದ ಪರೀಕ್ಷೆಯಿಂದಲೇ ತೋರಿಸಿಕೊಟ್ಟರು. 2008ರಲ್ಲಿ ಅವರು ಶ್ರೀಲಂಕಾ ನೀಲಿ ತಿಮಿಂಗಿಲ ಯೋಜನೆ ಆರಂಭಿಸಿದರು. ಆಸ್ಟ್ರೇಲಿಯದಲ್ಲಿ ಪಿಎಚ್.ಡಿ. ಮುಗಿಸಿ, ಕಡಲ ಸಸ್ತನಿಗಳ ಅಧ್ಯಯನದಲ್ಲಿ ಡಾಕ್ಟರೇಟ್ ಪಡೆದ ಮೊದಲ ಶ್ರೀಲಂಕನ್ನರಾದರು.

ಕುರಿ ಹಿಕ್ಕೆ ಹೊಲಕ್ಕೆ, ಇದು ಕಡಲಿಗೆ

ಉದ್ದನೆಯ ಕಿವಿ, ಗಿಳಿ ಮೂಗಿನ ಮಾಡಗ್ಯಾಳ ಕುರಿಯ ಬಗ್ಗೆ ಇಲ್ಲಿ ಹೊಸದಾಗಿ ಹೇಳಬೇಕಾಗಿಲ್ಲ. ಹೊಲದಲ್ಲಿ ನಾಲ್ಕು ರಾತ್ರಿ ಹಿಂಡು ತರುಬಿಸಿದರೆ ಮುಂದಿನ ಬೆಳೆ ಹೇಗೆ ಬರುತ್ತದೆ ಎಂಬುದು ಈ ಭಾಗದ ಪ್ರತಿಯೊಬ್ಬ ರೈತನಿಗೂ ಗೊತ್ತು. ಕಡಲಿನಲ್ಲಿ ತಿಮಿಂಗಿಲ ಮಾಡುವುದೂ ಅದೇ ಕೆಲಸ.

ನೀಲಿ ತಿಮಿಂಗಿಲ ಭೂಮಿಯ ಮೇಲಿನ ಅತಿ ದೊಡ್ಡ ಪ್ರಾಣಿ. ದೊಡ್ಡದೊಂದು 150 ಟನ್ ತೂಗಬಹುದು. 50 ಕೆ.ಜಿ.ಯ ಟಗರು ಎಂದು ಲೆಕ್ಕ ಹಿಡಿದರೆ ಮೂರು ಸಾವಿರ ಟಗರುಗಳ ತೂಕ. ನಮ್ಮ ಕಡಲಿನವು ಇದಕ್ಕಿಂತ ಸ್ವಲ್ಪ ಚಿಕ್ಕವು. ಹೆಸರಿನಲ್ಲಿ ‘ಮಾಸಾ’ ಇದ್ದರೂ ಇದು ಮೀನಲ್ಲ. ಮರಿ ಹಾಕಿ ಹಾಲುಣಿಸುವ, ಉಸಿರಾಡಲು ನೀರಿನ ಮೇಲೆ ಬರುವ ಪ್ರಾಣಿ.

ತಿಮಿಂಗಿಲ ಆಳದಲ್ಲಿ ಮೇಯ್ದು, ಮೇಲ್ಭಾಗದಲ್ಲಿ ಮಲ ಬಿಡುತ್ತದೆ. ಅದರಲ್ಲಿ ಕಬ್ಬಿಣ, ಸಾರಜನಕದಂಥ ಪೋಷಕಾಂಶಗಳಿರುತ್ತವೆ. ಬಿಸಿಲು ಬೀಳುವ ಮೇಲ್ಭಾಗದ ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸಸ್ಯಗಳು ಈ ಗೊಬ್ಬರ ಉಂಡು ಬೆಳೆಯುತ್ತವೆ. ಅವನ್ನು ತಿಂದು ಸಣ್ಣ ಜೀವಿಗಳು, ಅವನ್ನು ತಿಂದು ಮೀನುಗಳು ಬದುಕುತ್ತವೆ. ಭೂಮಿಯಲ್ಲಿ ತಯಾರಾಗುವ ಆಮ್ಲಜನಕದ ಸುಮಾರು ಅರ್ಧ ಭಾಗ ಕಡಲಿನ ಇಂಥ ಸೂಕ್ಷ್ಮ ಜೀವಿಗಳಿಂದಲೇ ಬರುತ್ತದೆ ಎಂಬುದು ವಿಜ್ಞಾನಿಗಳ ಅಂದಾಜು. ತಿಮಿಂಗಿಲವಿಲ್ಲದ ಕಡಲು ಎಂದರೆ ಗೊಬ್ಬರ ಕಾಣದ ಹೊಲವಿದ್ದಂತೆ.

ಬೇಟೆ ನಿಂತರೂ ತಪ್ಪದ ಸಾವು

ಒಂದು ಕಾಲಕ್ಕೆ ಎಣ್ಣೆ ಮತ್ತು ಮಾಂಸಕ್ಕಾಗಿ ತಿಮಿಂಗಿಲಗಳನ್ನು ಲೆಕ್ಕವಿಲ್ಲದೆ ಕೊಲ್ಲಲಾಗುತ್ತಿತ್ತು. ನಮ್ಮ ಕಡಲೂ ಇದಕ್ಕೆ ಹೊರತಾಗಿರಲಿಲ್ಲ. 1963ರಿಂದ 1966ರ ನಡುವೆ ಸೋವಿಯತ್ ಹಡಗುಗಳು ಉತ್ತರ ಹಿಂದೂ ಮಹಾಸಾಗರದಲ್ಲಿ 1,294 ನೀಲಿ ತಿಮಿಂಗಿಲಗಳನ್ನು ಕೊಂದವು. ಈ ಲೆಕ್ಕ ಹೊರಬಿದ್ದದ್ದು 1990ರ ದಶಕದಲ್ಲಿ. 1979ರಲ್ಲಿ ಹಿಂದೂ ಮಹಾಸಾಗರವನ್ನು ತಿಮಿಂಗಿಲ ಅಭಯಧಾಮವೆಂದು ಘೋಷಿಸಲಾಯಿತು. 1982ರಲ್ಲಿ ವಾಣಿಜ್ಯ ಬೇಟೆಗೆ ಜಾಗತಿಕ ತಡೆ ಹಾಕುವ ತೀರ್ಮಾನವಾಯಿತು.

ಆದರೆ ಈಗಿನ ಶತ್ರು ಹಡಗು. ಶ್ರೀಲಂಕಾದ ದಕ್ಷಿಣ ತುದಿಯ ಬಳಿ ಜಗತ್ತಿನ ಅತಿ ದಟ್ಟಣೆಯ ಹಡಗು ಮಾರ್ಗಗಳಲ್ಲೊಂದು ಹಾದುಹೋಗುತ್ತದೆ. ತಿಮಿಂಗಿಲಗಳು ಮೇಯುವುದೂ ಅಲ್ಲೇ. ಹೆದ್ದಾರಿ ಮೇಲೆ ಕುರಿ ಹಿಂಡು ನಿಂತ ಹಾಗೆ! 2012ರ ಮಾರ್ಚ್‌ನಲ್ಲಿ ಕೊಲಂಬೊ ಬಂದರಿಗೆ ಬಂದ ಕಂಟೇನರ್ ಹಡಗಿನ ಮೂತಿಗೆ ಸತ್ತ ನೀಲಿ ತಿಮಿಂಗಿಲವೊಂದು ಸಿಕ್ಕಿಕೊಂಡಿತ್ತು. ಹಡಗಿನವರಿಗೆ ಅದರ ಅರಿವೂ ಇರಲಿಲ್ಲ. ಆಶಾ ಇದನ್ನು ಜಗತ್ತಿನ ವೇದಿಕೆಗಳಲ್ಲಿ ಎತ್ತಿ ಹೇಳಿದರು. ಯಾವ ಜಾಗದಲ್ಲಿ ಎಷ್ಟು ತಿಮಿಂಗಿಲಗಳಿವೆ ಎಂಬ ಅವರ ಮತ್ತು ಇತರ ಸಂಶೋಧಕರ ಲೆಕ್ಕಗಳು ಈ ಚರ್ಚೆಗೆ ಆಧಾರವಾದವು.

ಮಾರ್ಗವನ್ನು 15 ನಾವಿಕ ಮೈಲು, ಅಂದರೆ ಸುಮಾರು 28 ಕಿ.ಮೀ. ದಕ್ಷಿಣಕ್ಕೆ ಸರಿಸಿದರೆ ಡಿಕ್ಕಿಯ ಅಪಾಯ ಶೇ. 95ರಷ್ಟು ತಗ್ಗುತ್ತದೆ ಎಂದು ಸಂಶೋಧಕರು ಲೆಕ್ಕ ಹಾಕಿದ್ದಾರೆ. ಹಲವು ಸಂಸ್ಥೆಗಳ ಒತ್ತಾಯದ ನಂತರ, 2022ರ ಮಧ್ಯಭಾಗದಿಂದ ದೊಡ್ಡ ಹಡಗು ಕಂಪನಿ ಎಂಎಸ್‌ಸಿ ಸ್ವಯಂಪ್ರೇರಣೆಯಿಂದ ತನ್ನ ಹಡಗುಗಳನ್ನು ದೂರದ ದಾರಿಯಲ್ಲಿ ಕಳುಹಿಸತೊಡಗಿತು.

‘ನಮ್ಮ ಕಡಲನ್ನು ನಾವೇ ಓದಬೇಕು’

ಶ್ರೀಮಂತ ದೇಶದ ವಿಜ್ಞಾನಿಗಳು ಬಡ ದೇಶಕ್ಕೆ ಬಂದು, ಮಾಹಿತಿ ಕಲೆಹಾಕಿ, ಸ್ಥಳೀಯರಿಗೆ ಏನೂ ಕಲಿಸದೆ ಹೋಗುವುದನ್ನು ಆಶಾ ಕಟುವಾಗಿ ಟೀಕಿಸುತ್ತಾರೆ. ಜಗತ್ತಿನ ಕರಾವಳಿಯ ಬಹುಪಾಲು ಇರುವುದು ಬಡ ಮತ್ತು ಬೆಳೆಯುತ್ತಿರುವ ದೇಶಗಳಲ್ಲಿ. ಅಲ್ಲಿನ ಜನರೇ ಮುಂದೆ ಬರದಿದ್ದರೆ ಕಡಲು ಉಳಿಯದು ಎಂಬುದು ಅವರ ವಾದ. ಇದಕ್ಕಾಗಿಯೇ 2017ರಲ್ಲಿ ಅವರು ‘ಓಷನ್‌ಸ್ವೆಲ್’ ಸಂಸ್ಥೆ ಕಟ್ಟಿದರು. ಸಂಶೋಧನೆಯ ಜೊತೆಗೆ ಸ್ಥಳೀಯ ಯುವಕ ಯುವತಿಯರಿಗೆ ತರಬೇತಿ ಕೊಡುವುದು ಅದರ ಕೆಲಸ. 2018ರಲ್ಲಿ ಬಿಬಿಸಿಯ ನೂರು ಮಹಿಳೆಯರ ಪಟ್ಟಿಯಲ್ಲಿ ಆಶಾ ಹೆಸರಿತ್ತು.

ಕೊಂಕಣದಲ್ಲೂ ಉಂಟು

ಶ್ರೀಲಂಕಾ ದೂರವಾಯಿತು ಎನ್ನುವವರಿಗೆ ನಮ್ಮದೇ ರಾಜ್ಯದ ಉದಾಹರಣೆಗಳಿವೆ. 2015ರಲ್ಲಿ ಸಿಂಧುದುರ್ಗ ಜಿಲ್ಲೆಯ ಕುಣಕೇಶ್ವರದ ಬಳಿ ಯುವ ಸಂಶೋಧಕರ ತಂಡಕ್ಕೆ ನೀಲಿ ತಿಮಿಂಗಿಲಗಳು ಕಂಡವು. ಡಾಲ್ಫಿನ್‌ಗಳ ಅಧ್ಯಯನ ನಡೆಸುತ್ತಿದ್ದ ಈ ತಂಡ ಮೀನುಗಾರರ ಮಾತನ್ನೂ ಶ್ರದ್ಧೆಯಿಂದ ದಾಖಲಿಸುತ್ತಿತ್ತು.

2017ರ ಕೊನೆಗೆ ಒಮಾನ್ ದೇಶದ ಕಡಲಿನಲ್ಲಿ ಹೆಣ್ಣು ಗೂನುಬೆನ್ನಿನ ತಿಮಿಂಗಿಲವೊಂದಕ್ಕೆ ಉಪಗ್ರಹ ಸಾಧನ ಅಳವಡಿಸಲಾಗಿತ್ತು. ಬಾಲದ ಮೇಲಿನ ಗುರುತು ಲೋಬಾನ ಮರದಂತೆ ಕಾಣುತ್ತಿದ್ದುದರಿಂದ ಅದರ ಹೆಸರು ‘ಲುಬಾನ್’. ಅದು ಅರಬ್ಬಿ ಸಮುದ್ರ ದಾಟಿ, ಭಾರತದ ಪಶ್ಚಿಮ ಕರಾವಳಿಗುಂಟ ದಕ್ಷಿಣ ತುದಿಯವರೆಗೆ ಹೋಗಿ, 2018ರಲ್ಲಿ ಒಮಾನ್‌ಗೆ ಮರಳಿತು. ಹಿಂಡಿನಲ್ಲಿ ಪ್ರತಿ ಕುರಿಯನ್ನೂ ಮಚ್ಚೆ, ಕಿವಿ ನೋಡಿ ಕುರುಬರು ಗುರುತಿಸುವಂತೆ, ವಿಜ್ಞಾನಿಗಳು ಬಾಲದ ಫೋಟೊ ನೋಡಿ ಒಂದೊಂದು ತಿಮಿಂಗಿಲವನ್ನೂ ಗುರುತಿಸುತ್ತಾರೆ. ಒಮಾನ್ ಭಾಗದಲ್ಲಿ ಈ ಜಾತಿಯವು ನೂರಕ್ಕಿಂತ ಕಡಿಮೆ ಉಳಿದಿವೆ ಎಂಬ ಅಂದಾಜಿದೆ.

2023ರ ನವೆಂಬರ್‌ನಲ್ಲಿ ರತ್ನಾಗಿರಿ ಜಿಲ್ಲೆಯ ಗಣಪತಿಪುಳೆ ದಂಡೆಗೆ ತಿಮಿಂಗಿಲದ ಮರಿಯೊಂದು ಬಂದು ಬಿದ್ದಾಗ ಸ್ಥಳೀಯರು, ಅರಣ್ಯ ಸಿಬ್ಬಂದಿ ಹಗಲು ರಾತ್ರಿ ಅದರ ಮೈಮೇಲೆ ನೀರು ಸುರಿದು ಕಾದರು. ಕಡಲಿಗೆ ಎಳೆದು ಬಿಟ್ಟರೂ ಅದು ಬದುಕಲಿಲ್ಲ. ಬಲೆಗೆ ಸಿಕ್ಕ ರಕ್ಷಿತ ಪ್ರಾಣಿಯನ್ನು ಬಲೆ ಕತ್ತರಿಸಿ ಬಿಟ್ಟ ಮೀನುಗಾರರಿಗೆ 25 ಸಾವಿರ ರೂ.ವರೆಗೆ ಪರಿಹಾರ ಕೊಡುವ ಯೋಜನೆಯನ್ನು ಮಹಾರಾಷ್ಟ್ರ ಸರ್ಕಾರ 2018ರಲ್ಲಿ ತಂದಿತು.

‘ವಾಂತಿ’ಯ ಮಾತಿಗೆ ಮರುಳಾಗಬೇಡಿ

ಇನ್ನು ಕಟ್ಟೆಯ ಮೇಲಿನ ಮಾತಿಗೆ ಬರೋಣ. ‘ತಿಮಿಂಗಿಲ ವಾಂತಿ’, ‘ವ್ಹೇಲ್ ಮಾಶಾಚಿ ಉಲಟಿ’ ಎಂದು ಕರೆಯುವ ವಸ್ತುವಿನ ನಿಜ ಹೆಸರು ಅಂಬರ್‌ಗ್ರಿಸ್. ಇದು ನೀಲಿ ತಿಮಿಂಗಿಲದಿಂದ ಬರುವುದಿಲ್ಲ. ಸ್ಪರ್ಮ್ ತಿಮಿಂಗಿಲ ಎಂಬ ಹಲ್ಲುಳ್ಳ ಜಾತಿಯ ಕರುಳಿನಲ್ಲಿ ತಯಾರಾಗುತ್ತದೆ. ಆ ಪ್ರಾಣಿ ತಿನ್ನುವ ಸ್ಕ್ವಿಡ್ ಎಂಬ ಕಡಲ ಜೀವಿಯ ಗಟ್ಟಿ ಕೊಕ್ಕು ಜೀರ್ಣವಾಗುವುದಿಲ್ಲ. ಅದರ ಸುತ್ತ ಮೇಣದಂಥ ಪದಾರ್ಥ ಕಟ್ಟಿಕೊಂಡು ಗಡ್ಡೆಯಾಗುತ್ತದೆ. ಎಲ್ಲ ಸ್ಪರ್ಮ್ ತಿಮಿಂಗಿಲಗಳಲ್ಲೂ ಇದು ಇರುವುದಿಲ್ಲ, ನೂರರಲ್ಲಿ ಕೆಲವಕ್ಕೆ ಮಾತ್ರ. ಬಹುತೇಕ ಇದು ಮಲದ ದಾರಿಯಲ್ಲೇ ಹೊರಬರುತ್ತದೆ ಅಥವಾ ಪ್ರಾಣಿ ಸತ್ತ ಮೇಲೆ ತೇಲುತ್ತದೆ. ಅತ್ತರಿನ ಪರಿಮಳ ಬಹಳ ಹೊತ್ತು ನಿಲ್ಲಲು ಇದನ್ನು ಬಳಸುತ್ತಿದ್ದುದರಿಂದ ಬೆಲೆ ಬಂತು.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇದರ ಮಾರಾಟ, ಸಾಗಾಟ, ಸಂಗ್ರಹ ಎಲ್ಲವೂ ಅಪರಾಧ. 7 ವರ್ಷದವರೆಗೆ ಜೈಲು ಆಗಬಹುದು. ‘ದಂಡೆಯಲ್ಲಿ ಬಿದ್ದಿತ್ತು, ಆರಿಸಿಕೊಂಡೆ’ ಎಂದರೂ ಬಿಡುವುದಿಲ್ಲ. ಕಾನೂನುಬದ್ಧ ಮಾರುಕಟ್ಟೆಯೇ ಇಲ್ಲದ ವಸ್ತುವಿಗೆ ಪತ್ರಿಕೆಯಲ್ಲಿ ಬರುವ ಕೋಟಿ ಬೆಲೆ ರೈತನ ಕೈಗೆ ಸಿಗುವ ಬೆಲೆಯಲ್ಲ. ಮೇಣದ ಗಡ್ಡೆಯನ್ನೇ ಅಸಲಿ ಎಂದು ನಂಬಿಸುವುದೂ ಸುಲಭ. ಕುರಿ, ದಾಳಿಂಬೆ, ದ್ರಾಕ್ಷಿ ಮಾರಿ ಬಂದ ಹಣವನ್ನು ಇಂಥದಕ್ಕೆ ಮುಂಗಡ ಕೊಟ್ಟವರಿಗೆ ಎರಡೂ ಕಡೆ ನಷ್ಟ. ಮಾಲು ನಕಲಿಯಾದರೆ ಹಣ ಹೋಯಿತು, ಅಸಲಿಯಾದರೆ ಜೈಲು ಕಾದಿದೆ. ಯಾರಾದರೂ ಇಂಥ ಮಾಲಿನ ಮಾತು ತಂದರೆ ಹತ್ತಿರದ ಪೊಲೀಸ್ ಠಾಣೆಗೆ ಅಥವಾ ಅರಣ್ಯ ಇಲಾಖೆಗೆ ತಿಳಿಸುವುದೇ ಕ್ಷೇಮ.

ಓದಬೇಕೆನ್ನುವ ಮಕ್ಕಳಿಗೆ

ತಿಮಿಂಗಿಲದಿಂದ ಗೌರವದ ಬದುಕು ಕಟ್ಟಿಕೊಳ್ಳುವ ದಾರಿ ಬೇರೆಯೇ ಇದೆ. ಅದಕ್ಕೆ ಕಡಲ ತೀರದಲ್ಲೇ ಹುಟ್ಟಬೇಕೆಂದಿಲ್ಲ. ಹನ್ನೆರಡನೇ ತರಗತಿಯಲ್ಲಿ ಜೀವಶಾಸ್ತ್ರ ಓದಿದವರು ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿ ಕಡಲ ಜೀವಶಾಸ್ತ್ರಕ್ಕೆ ಹೋಗಬಹುದು. ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಕಾರವಾರದಲ್ಲಿದೆ. ಮೀನುಗಾರಿಕಾ ಕಾಲೇಜುಗಳು ರತ್ನಾಗಿರಿ ಮತ್ತು ಮಂಗಳೂರಿನಲ್ಲಿವೆ. ಹೆಚ್ಚಿನ ಸಂಶೋಧನೆಗೆ ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ, ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಗಳಿವೆ.

ತಿಮಿಂಗಿಲ ಎಲ್ಲಿ ಕಂಡಿತು, ಯಾವ ತಿಂಗಳು ಬಂತು ಎಂಬುದು ಮೊದಲು ಗೊತ್ತಾಗುವುದು ಮೀನುಗಾರರಿಗೆ. ಅವರ ಬಳಿ ಕೂತು ಮಾತನಾಡುವುದು ಈ ಕೆಲಸದ ಅರ್ಧ ಭಾಗ. ಮಾಲವಣದಲ್ಲಿ ಮರಾಠಿ, ಕಾರವಾರದಲ್ಲಿ ಕನ್ನಡ ಎರಡನ್ನೂ ಸಲೀಸಾಗಿ ಆಡಬಲ್ಲ ಗಡಿಭಾಗದ ಮಕ್ಕಳಿಗೆ ಆ ಅರ್ಧ ಕೆಲಸ ಈಗಾಗಲೇ ಬರುತ್ತದೆ.